ಗಟ್ಟಿ ಸ್ಟೂಲು ಎದುರಿನವರಿಗೆ

ಬಾಬಿನ್‌ಳನ್ನು ನಾನು ಮೊದಲು ನೋಡಿದ್ದು ಹನ್ನೊಂದನೇ ತರಗತಿಯ ಮೊದಲ ದಿನ, ಬೆಳಗ್ಗೆ ಒಂಬತ್ತೂ ಕಾಲಿಗೆ. ಹೊತ್ತು ಇಷ್ಟು ಖಚಿತವಾಗಿ ನೆನಪಿರಲು ಕಾರಣ ನಮ್ಮೂರಿನ ಬಸ್ಸು. ಅದು ಒಂಬತ್ತಕ್ಕೆ ಸರಿಯಾಗಿ ಪೇಟೆಯ ನಿಲ್ದಾಣ ಮುಟ್ಟುತ್ತಿತ್ತು, ಅಲ್ಲಿಂದ ಶಾಲೆಗೆ ಇಪ್ಪತ್ತು ನಿಮಿಷದ ನಡಿಗೆ. ತರಗತಿ ಒಂಬತ್ತೂ ಇಪ್ಪತ್ತಕ್ಕೆ. ಮೊದಲ ದಿನವೇ ತಡವಾಗಬಾರದೆಂದು ನಾನು ಆ ದಾರಿಯನ್ನು ಅರ್ಧ ಓಡಿಕೊಂಡೇ ಬಂದಿದ್ದೆ.

ತತ್ವಶಾಸ್ತ್ರಕ್ಕೆ ಶಾಲೆಯವರು ಕೊಟ್ಟಿದ್ದು ಹಳೆಯ ರಸಾಯನಶಾಸ್ತ್ರದ ಪ್ರಯೋಗಾಲಯವನ್ನು. ಹೊಸದು ಕಟ್ಟಿದ ಮೇಲೆ ಅದು ಖಾಲಿ ಬಿದ್ದಿತ್ತು. ಈ ವಿಷಯ ತೆಗೆದುಕೊಂಡವರು ನಾವು ಹನ್ನೊಂದೇ ಜನ. ಖಾಲಿ ಕೋಣೆಗೆ ಖಾಲಿ ತಲೆಗಳು ಎಂದು ವಿಜ್ಞಾನದ ಹುಡುಗರು ಕಿಚಾಯಿಸುತ್ತಿದ್ದರು. ಉದ್ದನೆಯ ಕಪ್ಪು ಕಲ್ಲಿನ ಮೇಜುಗಳು, ಅವುಗಳ ನಡುವೆ ಬಿಳಿಯ ತೊಟ್ಟಿಗಳು, ತೊಟ್ಟಿಗೊಂದು ನಲ್ಲಿ. ಆಮ್ಲ ಬಿದ್ದು ಸುಟ್ಟ ಕಲೆಗಳು ಕಲ್ಲಿನ ಮೇಲೆ ಹಾಗೇ ಇದ್ದವು.

ಓಡಿ ಬಂದಿದ್ದರಿಂದ ಕೈಯೆಲ್ಲ ಧೂಳು. ತೊಳೆದುಕೊಳ್ಳೋಣವೆಂದು ನಲ್ಲಿ ನೋಡಿದರೆ ಅದರ ತಿರುಗಣೆಯೇ ಇಲ್ಲ, ಕಡ್ಡಿಯಂಥ ತುದಿಯೊಂದು ಉಳಿದಿದೆ. ಪಕ್ಕದಲ್ಲಿ ಒಬ್ಬಳು ಕೂತಿದ್ದಳು. ಗಿಡ್ಡ, ಗುಂಡು ಮುಖ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ತೊಳೆದರೂ ಹೋಗದ ಕಪ್ಪು. ಮಾತಿಗೆ ಏನಾದರೂ ಬೇಕಲ್ಲ ಎಂದು ನಾನು, ಈ ನಲ್ಲಿಯಲ್ಲಿ ನೀರು ಬರಲ್ಲ ಅಂತೆ, ಎಲ್ಲರೂ ಹೇಳ್ತಾರೆ ಅಂದೆ.

"ಎಲ್ಲರೂ ಅಂದ್ರೆ ಯಾರ್ಯಾರು?" ಅಂದಳು.

ಬಾಗಿಲಲ್ಲಿ ನಿಂತಿದ್ದ ಜವಾನರು ಹೇಳಿದ್ದರು. ಮೆಟ್ಟಿಲ ಹತ್ತಿರ ಇಬ್ಬರು ಹಿರಿಯ ವಿದ್ಯಾರ್ಥಿನಿಯರು ಹೇಳಿದ್ದರು. ಒಟ್ಟು ಮೂವರು. ಅವಳು ಮೂರು ಬೆರಳು ಮಡಚಿದಳು, ಪೆನ್ಸಿಲ್ ಡಬ್ಬಿ ತೆರೆದಳು. ಅದರಲ್ಲಿ ಪೆನ್ಸಿಲ್ ಇರಲಿಲ್ಲ. ಒಂದು ಪುಟ್ಟ ಸ್ಕ್ರೂ ಡ್ರೈವರ್, ಒಂದು ಚಿಕ್ಕ ಇಕ್ಕಳ, ಎರಡು ಸೂಜಿ. ಇಕ್ಕಳದಿಂದ ಆ ಕಡ್ಡಿಯನ್ನು ಹಿಡಿದು ಒಂದು ಸುತ್ತು ತಿರುಗಿಸಿದಳು. ಏನೂ ಆಗಲಿಲ್ಲ. ಇನ್ನೊಂದು ಸುತ್ತು ತಿರುಗಿಸಿದ್ದೇ ತಡ, ಕೆಂಪು ತುಕ್ಕಿನ ನೀರು ರಭಸದಿಂದ ಹಾರಿ ನನ್ನ ಹೊಸ ನೋಟ್‌ಬುಕ್ಕು, ಅವಳ ಲಂಗ, ಮುಂದಿನ ಬೆಂಚಿನವನ ಬೆನ್ನು ಎಲ್ಲ ತೊಯ್ದುಹೋಯಿತು. ಮುಂದಿನವನು ತಿರುಗಿ, ಮಾರಾಯ್ತಿ, ಇದು ತತ್ವಶಾಸ್ತ್ರಾನಾ ಈಜುಕೊಳಾನಾ ಅಂದ.

ತತ್ವಶಾಸ್ತ್ರದಲ್ಲಿ ನಮಗೆ ತರ್ಕ ಕಲಿಸುವ ಮೇಷ್ಟ್ರು ಒಳಗೆ ಬಂದದ್ದು ಅದೇ ಗಳಿಗೆಗೆ. ಬೈಯುತ್ತಾರೆ ಎಂದುಕೊಂಡೆ. ಅವರು ನಡೆದದ್ದನ್ನು ಕೇಳಿ ತಿಳಿದು, ನನ್ನನ್ನು ಎಬ್ಬಿಸಿ, ನೀರು ಬರಲ್ಲ ಅಂತ ನಿನಗೆ ಗೊತ್ತಿತ್ತಾ ಎಂದು ಕೇಳಿದರು. ಗೊತ್ತಿತ್ತು ಸಾರ್ ಅಂದೆ. ಒದ್ದೆ ನೋಟ್‌ಬುಕ್ಕು ಹಿಡಿದುಕೊಂಡೇ ಹಾಗೆ ಹೇಳಿದ್ದಕ್ಕೆ ಎಲ್ಲರೂ ನಕ್ಕರು. ಅವರು ನಗಲಿಲ್ಲ. ಕರಿಹಲಗೆಯ ಮೇಲೆ ದೊಡ್ಡದಾಗಿ ಬರೆದರು: 'ಗೊತ್ತು' ಎಂದು ಯಾವಾಗ ಹೇಳಬಹುದು?

ಅದೇ ನಮ್ಮ ಮೊದಲ ಪಾಠ. ಮುಂದಿನ ವರ್ಷ ನಮ್ಮಿಬ್ಬರಿಗೂ ಗಂಡಾಂತರ ತಂದದ್ದೂ ಅದೇ ಪ್ರಶ್ನೆ.

ಬಾಬಿನ್ ಎಂಬುದು ಅವಳ ಹೆಸರಲ್ಲ, ಹೊಲಿಗೆ ಯಂತ್ರದ ಅಡಿಯಲ್ಲಿ ಕೂರುವ ದಾರದ ಪುಟ್ಟ ಉರುಳೆಯದು. ಅವಳಪ್ಪ ಹೊಲಿಗೆ ಯಂತ್ರ ರಿಪೇರಿ ಮಾಡುವವರು, ಇವಳು ಗುಂಡಗೆ ಪುಟ್ಟಗೆ ಇದ್ದಳು, ಆ ಲೆಕ್ಕದಲ್ಲಿ ಯಾರೋ ಇಟ್ಟರು. ಅವಳಿಗೆ ಬೇಸರವಿರಲಿಲ್ಲ. ಬಾಬಿನ್ ಮೇಲೆ ಕಾಣಿಸಲ್ಲ, ಆದರೆ ಕೆಳಗಿನ ದಾರ ಇಲ್ಲದೆ ಯಾವ ಹೊಲಿಗೆ ನಿಲ್ಲುತ್ತೆ ಹೇಳು ಎಂದು ಒಮ್ಮೆ ನನಗೇ ತಿರುಗಿ ಕೇಳಿದ್ದಳು.

ಮೇಷ್ಟ್ರ ಪಾಠದ ಕ್ರಮ ಬೇರೆ ಎಲ್ಲೂ ನಾನು ಕಂಡದ್ದಲ್ಲ. ಕೋಣೆಯಲ್ಲಿ ಉಳಿದಿದ್ದ ಎತ್ತರದ ಸ್ಟೂಲುಗಳಲ್ಲಿ ಎರಡನ್ನು ಅವರು ಕರಿಹಲಗೆಯ ಮುಂದೆ ಹಾಕಿಸಿದ್ದರು. ಒಂದು ಗಟ್ಟಿಮುಟ್ಟು. ಇನ್ನೊಂದರ ಒಂದು ಕಾಲು ಗಿಡ್ಡ, ಕೂತರೆ ಅಲುಗಾಡುತ್ತಿತ್ತು. ಯಾರದಾದರೂ ಮಾತು ನಿಮಗೆ ಒಪ್ಪಿಗೆಯಾಗದಿದ್ದರೆ ಎದ್ದು ಮುಂದೆ ಬರಬೇಕು. ಮೊದಲು ಗಟ್ಟಿ ಸ್ಟೂಲಿನ ಮೇಲೆ ಕೂತು ಎದುರಿನವರ ವಾದವನ್ನು ಅವರಿಗಿಂತ ಚೆನ್ನಾಗಿ ಹೇಳಬೇಕು. ಅವರು "ಹೌದು, ಇದೇ" ಎನ್ನುವ ತನಕ ಇಳಿಯುವಂತಿಲ್ಲ. ಆಮೇಲೆ ಎದ್ದು ಅಲುಗಾಡುವ ಸ್ಟೂಲಿಗೆ ಹೋಗಿ ನಿಮ್ಮ ಮಾತು. ಎದುರಿನವರಿಗೆ ಗಟ್ಟಿ ಜಾಗ ಕೊಡಿ, ನಿಮ್ಮ ಜಾಗ ಅಲುಗಾಡ್ತಾ ಇದ್ದರೆ ನೀವು ಎಚ್ಚರವಾಗಿರ್ತೀರಿ ಎನ್ನುತ್ತಿದ್ದರು.

ಮೊದಮೊದಲು ನಮಗೆ ಇದು ಹಿಂಸೆ. ಜಗಳವಾಡಲು ಬಂದವರು ಎದುರಾಳಿಯ ವಕಾಲತ್ತು ವಹಿಸಬೇಕೆಂದರೆ ಯಾರಿಗೆ ತಾನೆ ಹಿಡಿಸುತ್ತದೆ? ಎಷ್ಟೋ ಮಂದಿ ಗಟ್ಟಿ ಸ್ಟೂಲಿನ ಮೇಲೆ ಕೂತು ಹೇಳುತ್ತಾ ಹೇಳುತ್ತಾ, ಇವನು ಹೇಳಿದ್ದೇ ಸರಿ ಸಾರ್ ಎಂದು ವಾಪಸು ಬೆಂಚಿಗೆ ಹೋಗಿಬಿಡುತ್ತಿದ್ದರು. ಬಾಬಿನ್‌ಗೆ ಮಾತ್ರ ಅದು ಮನೆಯ ಕೆಲಸದ ಹಾಗೆ ಒಗ್ಗಿತು. ಯಾಕೆಂದು ನನಗೆ ತಿಳಿದದ್ದು ಅವಳಪ್ಪನ ಅಂಗಡಿಗೆ ಹೋದ ಮೇಲೆ.

ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ. ಮೂರು ಗೋಡೆಗೂ ಯಂತ್ರಗಳು, ಕೆಲವು ತಲೆ ಮಾತ್ರ, ಕೆಲವಕ್ಕೆ ಪೆಡಲ್ ಸಮೇತ ಕಾಲು. ಅವಳಪ್ಪ ಯಾವ ಯಂತ್ರವನ್ನೂ ಕೇಳದೆ ಮುಟ್ಟುತ್ತಿರಲಿಲ್ಲ. ಏನಾಗಿದೆ ಅಂತ ನಿಮಗನ್ನಿಸುತ್ತೆ ಎಂದು ತಂದವರನ್ನು ಮೊದಲು ಕೇಳುವರು. ಸೂಜಿ ಸರಿಯಿಲ್ಲ ಎಂದರೆ ಸೂಜಿಯನ್ನೇ ಮೊದಲು ನೋಡುವರು. ಅದಲ್ಲ ಎಂದು ಗೊತ್ತಾದ ಮೇಲೆಯೇ ತಮ್ಮ ಊಹೆಯ ಕಡೆ ಕೈ. ಬಿಚ್ಚಿದ ಒಂದೊಂದು ಭಾಗವನ್ನೂ ನೆಲದ ಮೇಲೆ ಹಾಸಿದ ಹಳೇ ಕಾಗದದ ಮೇಲೆ ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಇಡುತ್ತಿದ್ದರು. ಬಲದಿಂದ ಎಡಕ್ಕೆ ಎತ್ತಿಕೊಂಡು ಬಂದರೆ ಯಂತ್ರ ಮತ್ತೆ ಕೂಡುತ್ತದೆ. ಬಿಡಿಭಾಗ ಬರುವುದು ತಡವಾದರೆ ಆ ಸಾಲು ವಾರಗಟ್ಟಲೆ ನೆಲದ ಮೇಲೆ ಹಾಗೇ ಇರುತ್ತಿತ್ತು. ಅದನ್ನು ದಾಟಿಕೊಂಡು ಓಡಾಡಬೇಕು, ಮುಟ್ಟುವ ಹಾಗಿಲ್ಲ. ಅವಳಜ್ಜಿ ಒಳಬಾಗಿಲಲ್ಲಿ ಕೂತು, ನಮ್ಮನೇಲಿ ಮನುಷ್ಯರಿಗಿಂತ ತಿರುಪುಗಳಿಗೆ ಜಾಸ್ತಿ ಜಾಗ ಎಂದು ಗೊಣಗುತ್ತಿದ್ದರು.

ಹೀಗೆ ಬೆಳೆದವಳಿಗೆ ಬಿಚ್ಚಿ ನೋಡದೆ ಯಾವುದೂ ನಂಬಿಕೆಯಿಲ್ಲ. ನಾನು ಅದಕ್ಕೆ ತದ್ವಿರುದ್ಧ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅಮ್ಮನಿಗೆ ತಿಳಿದಿರುವುದೆಲ್ಲ ಯಾರೋ ಹೇಳಿ ತಿಳಿದದ್ದು, ಅದರಲ್ಲಿ ಬಹುಪಾಲು ನಿಜ. ಹಿರಿಯರು, ತಿಳಿದವರು ಹೇಳಿದ್ದನ್ನು ನಂಬದಿದ್ದರೆ ಬದುಕು ಒಂದು ದಿನವೂ ಸಾಗದು ಎಂಬುದು ನನ್ನ ವಾದ. ನೀನು ಹುಟ್ಟಿದ ದಿನ ಯಾವುದು ಅಂತ ನಿನಗೆ ಹೇಗೆ ಗೊತ್ತು, ಯಾವುದನ್ನ ಬಿಚ್ಚಿ ನೋಡಿದೆ ಎಂದು ಒಮ್ಮೆ ಕೇಳಿದೆ. ಅವಳು ಎಂಟು ದಿನ ಉತ್ತರ ಕೊಡಲಿಲ್ಲ. ಒಂಬತ್ತನೆಯ ದಿನ ಬಂದು, ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋರೂ ಹಿರಿಯರೇ ಕಣೇ ಅಂದಳು. ಜಗಳ ಮತ್ತೆ ಶುರು.

ಹನ್ನೆರಡನೇ ತರಗತಿಯ ಕೊನೆಗೆ ಪ್ರತಿಯೊಬ್ಬರೂ ಒಂದು ದೀರ್ಘ ಪ್ರಬಂಧ ಬರೆಯಬೇಕಿತ್ತು. ಅದನ್ನು ಹೊರಗಿನ ಪರೀಕ್ಷಕರು ತಿದ್ದುತ್ತಿದ್ದರು, ಅಂಕಗಳು ಅಂತಿಮ ಪರೀಕ್ಷೆಗೆ ಸೇರುತ್ತಿದ್ದವು. ನಾವಿಬ್ಬರೂ ಮೊದಲ ದಿನದ ಪ್ರಶ್ನೆಯನ್ನೇ ಆರಿಸಿಕೊಂಡೆವು. ನಾನು ನನ್ನ ಪಕ್ಷ, ಅವಳು ಅವಳ ಪಕ್ಷ. ಮೇಷ್ಟ್ರ ಕ್ರಮವನ್ನು ಬರವಣಿಗೆಯಲ್ಲೂ ಬಿಡಲಿಲ್ಲ. ಅವಳು ನನ್ನ ವಾದವನ್ನು ತನ್ನ ಪ್ರಬಂಧದಲ್ಲಿ ಬರೆದು ತೋರಿಸಿದಳು. ನಾನು ಪಕ್ಕದಲ್ಲಿ "ಅಲ್ಲ" ಎಂದು ಬರೆದೆ. ಮತ್ತೆ ಬರೆದಳು. "ಇನ್ನೂ ಅಲ್ಲ" ಎಂದೆ. ಮೂರನೆಯ ಸಲಕ್ಕೆ ನಾನೇ ಅವಳ ಕಾಗದದ ಮೇಲೆ ಎರಡು ವಾಕ್ಯ ತಿದ್ದಿ "ಹೌದು, ಇದೇ" ಎಂದು ಬರೆದೆ. ಅವಳೂ ನನ್ನ ಪ್ರಬಂಧಕ್ಕೆ ಹಾಗೇ ಮಾಡಿದಳು. ಕೊನೆಗೆ ಶುದ್ಧಪ್ರತಿ ಬರೆಯುವಾಗ ಹೀಗೆ ಒಪ್ಪಿಗೆಯಾದ ಮಾತನ್ನೇ ಇಬ್ಬರೂ ಇಳಿಸಿಕೊಂಡೆವು; ನನ್ನ ವಾದದ ಪ್ಯಾರಾ ಎರಡೂ ಪ್ರಬಂಧಗಳಲ್ಲಿ, ಅವಳ ವಾದದ ಪ್ಯಾರಾ ಎರಡೂ ಪ್ರಬಂಧಗಳಲ್ಲಿ, ಅಕ್ಷರಕ್ಕೆ ಅಕ್ಷರ ಒಂದೇ ಆಗಿ ಕೂತವು. ಇದು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬ ಯೋಚನೆ ನಮಗೆ ಬರಲೇ ಇಲ್ಲ. ನಮ್ಮ ಹನ್ನೊಂದು ಜನರಲ್ಲಿ ಯಾರು ಓದಿದ್ದರೂ ಶಭಾಷ್ ಎನ್ನುತ್ತಿದ್ದರು.

ಪರೀಕ್ಷಕರು ಎರಡೂ ಪ್ರಬಂಧಗಳಿಗೆ ಒಂದೇ ದಾರ ಪೋಣಿಸಿ ಶಾಲೆಗೆ ವಾಪಸು ಕಳಿಸಿದರು. ಜೊತೆಗೆ ಒಂದು ಸಾಲಿನ ಪತ್ರ: ನಕಲು, ದಯವಿಟ್ಟು ವಿಚಾರಿಸಿ.

ನಕಲೆಂದು ತೀರ್ಮಾನವಾದರೆ ಆ ವರ್ಷದ ಪರೀಕ್ಷೆಗೆ ಕೂರುವಂತಿಲ್ಲ. ನಾನು ಒಂದು ವರ್ಷ ಕಳೆದುಕೊಂಡರೆ ಊರಲ್ಲಿ ತಲೆತಗ್ಗಿಸಬೇಕಿತ್ತು, ಅಷ್ಟೆ, ಮುಂದಿನ ವರ್ಷ ಬರಬಹುದಿತ್ತು. ಬಾಬಿನ್‌ಗೆ ಆ ಅವಕಾಶವೂ ಇರಲಿಲ್ಲ. ಮನೆಯ ಯಜಮಾನಿಕೆ ಅವಳ ದೊಡ್ಡಪ್ಪನದು. ಒಂದು ವರ್ಷ ಎಡವಿದರೂ ಓದು ಸಾಕು, ನನ್ನ ಹೊಲಿಗೆ ಘಟಕದಲ್ಲಿ ಕೂರಲಿ ಎಂದು ಅವರು ಮೊದಲೇ ಕರಾರು ಹಾಕಿದ್ದರು. ಅವಳಪ್ಪ ಆಗ ಅದಕ್ಕೆ ಹೂಂ ಅಂದಿದ್ದರು, ಮಗಳು ಎಡವುವವಳಲ್ಲ ಎಂಬ ಧೈರ್ಯದ ಮೇಲೆ.

ವಿಚಾರಣೆ ಮಾಡಿದವರು ಉಪಪ್ರಾಂಶುಪಾಲರು. ರಸಾಯನಶಾಸ್ತ್ರದ ಮೇಡಂ ಅವರು, ಕಟ್ಟುನಿಟ್ಟಿನವರು, ಆದರೆ ಮೋಸದವರಲ್ಲ. ಪಕ್ಕದಲ್ಲಿ ಇನ್ನಿಬ್ಬರು ಅಧ್ಯಾಪಕರು, ಮೂಲೆಯಲ್ಲಿ ಬರೆದುಕೊಳ್ಳಲು ಗುಮಾಸ್ತರು. ತರ್ಕದ ಮೇಷ್ಟ್ರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ರಜೆಯಲ್ಲಿದ್ದರು.

ಮೊದಲು ಬಾಬಿನ್‌ಳನ್ನು ಕರೆದರು. ಮೇಡಂ ಮುಂದೆ ಒಂದೇ ಕುರ್ಚಿ ಇತ್ತು. ಅವಳು ಕೂತಳು. ಏನು ಹೇಳ್ತೀಯ ಎಂದು ಕೇಳಿದ್ದಕ್ಕೆ, ಮೊದಲು ನಿಮ್ಮ ಕಡೆಯಿಂದ ಹೇಳ್ತೀನಿ ಮೇಡಂ ಎಂದು ಶುರು ಮಾಡಿದಳು. ಎರಡು ಪ್ರಬಂಧ, ಎರಡರಲ್ಲೂ ಎರಡೆರಡು ಪ್ಯಾರಾ ಅಕ್ಷರಕ್ಕೆ ಅಕ್ಷರ ಒಂದೇ. ಬರೆದವರು ಒಂದೇ ಬೆಂಚಿನವರು, ಸ್ನೇಹಿತೆಯರು. ಇದು ತಾನಾಗಿ ಆಗುವಂಥದ್ದಲ್ಲ. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿದ್ದಾರೆ. ಇದನ್ನು ಬಿಟ್ಟುಬಿಟ್ಟರೆ ಕಷ್ಟಪಟ್ಟು ಬರೆದ ಉಳಿದವರಿಗೆ ಅನ್ಯಾಯ. ಹಾಗಾಗಿ ಶಿಕ್ಷೆ ಆಗಲೇಬೇಕು. ಇಷ್ಟನ್ನು ನಿಧಾನವಾಗಿ, ಸ್ಪಷ್ಟವಾಗಿ, ಗಟ್ಟಿ ಸ್ಟೂಲಿನ ಮೇಲೆ ಕೂತವರ ಹಾಗೆ ಹೇಳಿದಳು.

ಆಮೇಲೆ ಎದ್ದು ನಿಂತಳು. ಎರಡು ವರ್ಷದ ಅಭ್ಯಾಸ. ಇನ್ನು ಅಲುಗಾಡುವ ಸ್ಟೂಲಿಗೆ ಹೋಗಬೇಕು. ಆಚೀಚೆ ನೋಡಿದಳು. ಆ ಕೋಣೆಯಲ್ಲಿ ಎರಡನೇ ಸ್ಟೂಲು ಎಲ್ಲಿಂದ ಬರಬೇಕು? ಮೇಡಂ ಅವಳು ಮುಗಿಸಿ ಎದ್ದಳೆಂದುಕೊಂಡರು. ಇಷ್ಟು ನೇರವಾಗಿ ತಪ್ಪು ಒಪ್ಪಿಕೊಂಡವರನ್ನು ನಾನು ನೋಡಿಲ್ಲ, ಇದು ನಿನ್ನ ಒಳ್ಳೇತನ ಅಂದರು. ಇನ್ನೂ ಇದೆ ಮೇಡಂ ಎಂದಳಂತೆ. ಶಿಕ್ಷೆಯ ಮಾತು ಸಮಿತಿ ನೋಡಿಕೊಳ್ಳುತ್ತೆ, ನೀನು ಹೋಗಿ ಬಾ ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು, ಜವಾನರು ಬಾಗಿಲು ತೆರೆದರು.

ಬಾಗಿಲಲ್ಲಿ ಅವಳು ನನಗೆ ಏನೋ ಹೇಳಬೇಕೆನ್ನುವಷ್ಟರಲ್ಲಿ ನನ್ನನ್ನು ಒಳಗೆ ಕರೆದರು. ನಿನ್ನ ಸ್ನೇಹಿತೆ ಎಲ್ಲ ಹೇಳಿದ್ದಾಳೆ, ಅವಳ ಮಾತು ನಿನಗೆ ಒಪ್ಪಿಗೆಯಾ ಎಂದು ಕೇಳಿದರು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ಅವಳು ಹೇಳಿದ್ದಾಳೆ ಅಂದರೆ ಸರಿಯಾಗೇ ಹೇಳಿರ್ತಾಳೆ ಮೇಡಂ, ನನಗೆ ಒಪ್ಪಿಗೆ ಅಂದೆ. ನನ್ನ ಪ್ರಬಂಧದ ವಾದಕ್ಕೆ ಅದಕ್ಕಿಂತ ನಿಷ್ಠೆಯಿಂದ ನಾನು ಎಂದೂ ನಡೆದುಕೊಂಡಿಲ್ಲ. ಎತ್ತು ಈದಿತ್ತು, ನಾನು ಕೊಟ್ಟಿಗೆಗೆ ಕಟ್ಟಿ ಬಂದಿದ್ದೆ.

ಹೊರಗೆ ಬಂದು ಇಬ್ಬರೂ ಹೇಳಿಕೊಂಡ ಮೇಲೆ ಏನಾಯಿತೆಂದು ಗೊತ್ತಾಯಿತು. ಕಾರಿಡಾರಿನ ಕಟ್ಟೆಯ ಮೇಲೆ ಕೂತೆವು.

"ನಾನು ಅವರ ಮಾತು ಹೇಳಿ ಮುಗಿಸಿದೆ, ನೀನು ಅದಕ್ಕೆ ರುಜು ಹಾಕಿದೆ" ಅಂದಳು ಬಾಬಿನ್. "ಇಬ್ಬರೂ ಸೇರಿ ಅವರಿಗೆ ಒಂದೂ ಕೆಲಸ ಉಳಿಸಲಿಲ್ಲ."

ಮೇಷ್ಟ್ರಿಗೆ ಫೋನ್ ಮಾಡಿದೆವು. ಅವರು ಅಂದೇ ಮೇಡಂ ಹತ್ತಿರ ಮಾತಾಡಿದರು. ಆದರೆ ತರ್ಕದವರ ಸಹವಾಸ ಎಂದರೆ ಹೀಗೇ. ಎದುರಿನವರ ಮಾತನ್ನು ಬರೆದು ಅವರಿಂದ ಹೌದು ಅನ್ನಿಸಿಕೊಳ್ಳುವ ನಿಯಮ ನನ್ನದೇ, ಈ ಇಬ್ಬರು ಆ ನಿಯಮ ಪಾಲಿಸಿಯೇ ಬರೆದರೋ ಇಲ್ಲವೋ ನಾನು ಕಣ್ಣಾರೆ ನೋಡಿಲ್ಲ ಎಂದರಂತೆ. ಒಂದು ಸುಳ್ಳು ಸೇರಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಸೇರಿಸುವವರಲ್ಲ, ನಾವು ಬಯಸಲೂ ಇಲ್ಲ.

ಬಾಬಿನ್ ಮನೆಯಲ್ಲಿ ವಿಷಯ ತಿಳಿಸಿದಾಗ ಅವಳಪ್ಪ ರಿಪೇರಿಗೆ ಕೂತಿದ್ದರು. ಕೈಯಲ್ಲಿದ್ದ ಬಟ್ಟೆಯಿಂದ ಒಂದೇ ತಿರುಪನ್ನು ಬಹಳ ಹೊತ್ತು ಒರೆಸಿದರು. ಮಾತಾಡಿದ್ದು ಅಜ್ಜಿ.

"ಕಳ್ಳತನ ಮಾಡಿ ಒಪ್ಪಿಕೊಳ್ಳದೇ ಇರೋರನ್ನ ನೋಡಿದೀನಿ. ಮಾಡದೇ ಒಪ್ಪಿಕೊಂಡು ಬರೋಕೆ ಎರಡು ವರ್ಷ ತರ್ಕ ಓದಬೇಕಾಯ್ತು ನೋಡು ಇವಳು."

ಬಾಬಿನ್ ಮೊದಲು ನಕ್ಕಳು, ನಾವೂ ನಕ್ಕೆವು. ನಕ್ಕ ಮೇಲೆ ಅವಳಿಗೆ ಚುರುಕು ಬಂತು. ನಕಲೆಂಬ ಸಮಿತಿಯ ತೀರ್ಮಾನಕ್ಕೆ ಪ್ರಾಂಶುಪಾಲರ ಸಹಿ ಬೀಳಲು ಇನ್ನೂ ನಾಲ್ಕು ದಿನ ಇದೆ, ಅಷ್ಟರೊಳಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಸಮಿತಿ ಮತ್ತೊಮ್ಮೆ ಕೂರಬೇಕಾಗುತ್ತದೆ ಎಂದು ಗುಮಾಸ್ತರು ಹೇಳಿದ್ದರು. ಆಕ್ಷೇಪಣೆಯನ್ನು ಮಾರನೇ ದಿನ ಕೊಟ್ಟಳು. ಬೇಕಾದದ್ದು ಸಾಕ್ಷಿ. ಪಕ್ಕದಲ್ಲಿ "ಅಲ್ಲ", "ಇನ್ನೂ ಅಲ್ಲ", "ಹೌದು, ಇದೇ" ಎಂದು ಬರೆದಿದ್ದ ಕರಡು ಪ್ರತಿಗಳು ಎಲ್ಲಿ? ನನ್ನದನ್ನು ಅಮ್ಮ ಒಲೆ ಹೊತ್ತಿಸಲು ಉಪಯೋಗಿಸಿ ಆಗಿತ್ತು. ಬಾಬಿನ್ ತನ್ನದನ್ನು ಎಂದಿನಂತೆ ಅಪ್ಪನ ಹಳೇ ಕಾಗದದ ರಾಶಿಗೆ ಹಾಕಿದ್ದಳು.

ರಾಶಿ ಮಗುಚಿ ಹಾಕಿದೆವು. ಇರಲಿಲ್ಲ. ಆಗ ಅವಳಪ್ಪ ಕಿಟಕಿಯ ಕೆಳಗೆ ಬೆರಳು ತೋರಿಸಿದರು. ಅಲ್ಲಿ ಬಿಚ್ಚಿಟ್ಟ ಯಂತ್ರವೊಂದರ ಸಾಲಿತ್ತು. ಒಂದು ಹಲ್ಲುಚಕ್ರಕ್ಕಾಗಿ ಆರು ವಾರದಿಂದ ಕಾಯುತ್ತಿದ್ದ ಯಂತ್ರ. ತಿರುಪು, ಸ್ಪ್ರಿಂಗು, ಕೊಂಡಿ, ಎಣ್ಣೆಯಲ್ಲಿ ನೆಂದ ನಲವತ್ತೆರಡು ಭಾಗಗಳು. ಅವುಗಳ ಕೆಳಗೆ ಇವಳ ಅಕ್ಷರ.

ನಾನು ಕೈ ಹಾಕಲು ಹೋದೆ. ಅವಳಪ್ಪ ತಡೆದರು. "ಅವಸರ ಬೇಡ ತಾಯಿ. ನಿಮ್ಮ ಸತ್ಯಕ್ಕೆ ಬೇರೆಯವರ ಮೆಷಿನ್ ಕೆಡಬಾರದು" ಅಂದರು. ಇನ್ನೊಂದು ಕಾಗದ ಪಕ್ಕದಲ್ಲಿ ಹಾಸಿ, ಎಡದ ಮೊದಲ ತಿರುಪಿನಿಂದ ಹಿಡಿದು ಒಂದೊಂದನ್ನೇ ಎತ್ತಿ, ಅದೇ ಕ್ರಮದಲ್ಲಿ ಅಲ್ಲಿ ಇಟ್ಟರು. ಒಂದು ಗಂಟೆ ಹಿಡಿಯಿತು. ಬಾಬಿನ್ ಪಕ್ಕದಲ್ಲಿ ಮಂಡಿಯೂರಿ ಎಣಿಸುತ್ತಿದ್ದಳು. ಕೊನೆಯ ಭಾಗ ಎತ್ತಿದ ಮೇಲೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಮಗಳಿಗೆ ಕೊಟ್ಟರು. ಅದರ ತುಂಬ ಎಣ್ಣೆಯ ಉಂಗುರಗಳು. ನಡುವೆ ನನ್ನ ನೀಲಿ ಶಾಯಿ: ಹೌದು, ಇದೇ.

ಎರಡನೇ ವಿಚಾರಣೆಯ ಹಿಂದಿನ ಸಂಜೆ ಬಸ್ ನಿಲ್ದಾಣದಲ್ಲಿ ನಾನು ಅವಳಿಗೆ ಅಂಗಲಾಚಿದೆ. ಈ ಸಲ ಮೇಡಂ ಕಡೆಯ ಮಾತು ಬೇಡವೇ ಬೇಡ, ಹೋದ ತಕ್ಷಣ ನಮ್ಮದನ್ನೇ ಹೇಳು, ಒಮ್ಮೆ ಕೈ ಸುಟ್ಟುಕೊಂಡಿದ್ದು ಸಾಲದಾ ಅಂದೆ. ಅವಳು ನನ್ನ ಮಾತನ್ನು ಪೂರ್ತಿ ಕೇಳಿದಳು. ಆಮೇಲೆ, ಅವರ ಅನುಮಾನ ನಮ್ಮ ಬಾಯಲ್ಲಿ ಸರಿಯಾಗಿ ಬರದೇ ಇದ್ದರೆ ನಮ್ಮ ಉತ್ತರ ಯಾರಿಗೆ ಕೊಟ್ಟ ಹಾಗಾಯ್ತು ಎಂದಳು. ತಪ್ಪಾಗಿದ್ದು ಕ್ರಮ ಅಲ್ಲ ಕಣೇ, ಕುರ್ಚಿ.

ಮಾರನೇ ದಿನ ಇಬ್ಬರನ್ನೂ ಒಟ್ಟಿಗೆ ಕರೆದರು. ಬಾಬಿನ್ ಕೂರಲಿಲ್ಲ. ಇನ್ನೊಂದು ಕುರ್ಚಿ ತರಿಸಬಹುದಾ ಮೇಡಂ ಎಂದು ಕೇಳಿದಳು. ಅದು ನನಗೆಂದು ತಿಳಿದು ಅವರು ತರಿಸಿದರು. ಅವಳು ಎರಡನ್ನೂ ಪಕ್ಕಪಕ್ಕ ಹಾಕಿ, ಎಡಗಡೆಯದಕ್ಕೆ ಕೈ ಇಟ್ಟು, ಇಲ್ಲಿ ಕೂತು ನಾನು ಹೇಳೋದೆಲ್ಲ ನಿಮ್ಮ ಮಾತು, ಆ ಕಡೆ ಕೂತಾಗ ನನ್ನದು, ಗುಮಾಸ್ತರು ದಯವಿಟ್ಟು ಬೇರೆ ಬೇರೆ ಹಾಳೆಯಲ್ಲಿ ಬರಕೊಳ್ಳಬೇಕು ಅಂದಳು. ಅಧ್ಯಾಪಕರೊಬ್ಬರಿಗೆ ನಗು ತಡೆಯಲಾಗಲಿಲ್ಲ. ಮೇಡಂ ಹುಬ್ಬು ಗಂಟಿಕ್ಕಿದರು, ಆದರೆ ಬೇಡವೆನ್ನಲಿಲ್ಲ.

ಎಡಗಡೆ ಕೂತು ಆರೋಪವನ್ನು ಮತ್ತೆ ಹೇಳಿದಳು. ಹೋದ ಸಲಕ್ಕಿಂತ ಬಿಗಿಯಾಗಿ. ಹೋದ ಸಲ ತಾನೇ ಒಪ್ಪಿಕೊಂಡಂತೆ ಬರೆದಿರುವುದನ್ನೂ ಆರೋಪಕ್ಕೆ ಸೇರಿಸಿದಳು. ಇದೇ ಅಲ್ವಾ ಮೇಡಂ ನಿಮ್ಮ ಮಾತು ಎಂದು ಕೇಳಿದಳು.

"ಹೌದು. ಇದೇ" ಅಂದರು ಮೇಡಂ. "ನಾನೂ ಇಷ್ಟು ಚೆನ್ನಾಗಿ ಹೇಳ್ತಿರಲಿಲ್ಲ."

ಬಾಬಿನ್ ಎದ್ದು ಬಲಗಡೆಯ ಕುರ್ಚಿಗೆ ಬಂದಳು. ಮೊದಲು ಗುಮಾಸ್ತರ ಕಡೆ ತಿರುಗಿ, ಹೋದ ಸಲದ ನಿಮ್ಮ ಕಚ್ಚಾ ಪುಸ್ತಕ ಇದೆಯಾ, ನಾನು ಮಾತು ಶುರು ಮಾಡಿದ್ದು ಹೇಗೆ ಅಂತ ಓದ್ತೀರಾ ಎಂದು ಕೇಳಿದಳು. ಗುಮಾಸ್ತರು ಹಾಳೆ ತಿರುವಿದರು. "ಮೊದಲು ನಿಮ್ಮ ಕಡೆಯಿಂದ ಹೇಳ್ತೀನಿ ಮೇಡಂ" ಎಂದು ಓದಿದರು. ಅದನ್ನು ಬರೀ ಮರ್ಯಾದೆಯ ಮಾತು ಎಂದುಕೊಂಡು ಶುದ್ಧಪ್ರತಿಯಲ್ಲಿ ಬಿಟ್ಟಿದ್ದೇನೆ, ತಪ್ಪು ನನ್ನದು ಎಂದು ಅವರೇ ಹೇಳಿದರು. ಅದನ್ನು ಹೇಳಲು ಅವರಿಗೂ ಧೈರ್ಯ ಬೇಕಿತ್ತು.

ಆಮೇಲೆ ಎಣ್ಣೆಯ ಕಾಗದ ಮೇಜಿನ ಮೇಲೆ ಬಂತು. ಮೇಡಂ ಅದನ್ನು ನೋಡಿ ಸರಿಯಾದ ಪ್ರಶ್ನೆಯನ್ನೇ ಕೇಳಿದರು. ಇದನ್ನ ನಿನ್ನೆ ರಾತ್ರಿ ಕೂತು ಬರೆದಿಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?

"ನಿಮಗೆ ಗೊತ್ತಾಗಲ್ಲ ಮೇಡಂ" ಅಂದಳು ಬಾಬಿನ್. "ನಾವು ಬರೀವಾಗ ನೀವು ಅಲ್ಲಿರಲಿಲ್ಲ. ಬಿಚ್ಚಿ ನೋಡೋಕೆ ಏನೂ ಉಳಿದಿಲ್ಲ. ಯಾರದ್ದಾದರೂ ಮಾತು ನಂಬಲೇಬೇಕು. ಹಾಗಂತ ಎರಡು ವರ್ಷದಿಂದ ಹೇಳ್ತಿರೋಳು ಇವಳು, ನಾನಲ್ಲ. ಈ ವಾದದಲ್ಲಿ ಇವತ್ತು ನಾನು ಸೋತೆ. ನಮ್ಮಪ್ಪ ಹೊರಗೆ ಕೂತಿದಾರೆ, ಕರೆದು ಕೇಳಿ."

ಅವಳಪ್ಪ ಒಳಗೆ ಬಂದು ಬಾಗಿಲ ಹತ್ತಿರವೇ ನಿಂತರು. ಯಂತ್ರ ಯಾವತ್ತು ಬಿಚ್ಚಿದ್ದು, ಯಾರದು, ಆ ಕಾಗದ ಯಾವತ್ತು ಹಾಸಿದ್ದು ಎಂದು ನಾಲ್ಕು ಮಾತಿನಲ್ಲಿ ಹೇಳಿದರು. ಯಂತ್ರದ ಒಡತಿಗೆ ಕೊಟ್ಟ ಚೀಟಿಯ ಅರ್ಧ ತೋರಿಸಿದರು, ಅದರಲ್ಲಿ ತಾರೀಖಿತ್ತು. ಪ್ರಬಂಧ ಶಾಲೆಗೆ ಕೊಟ್ಟ ಎರಡನೆಯ ದಿನ. ಮಗಳ ಪರವಾಗಿ ಒಂದು ಮಾತನ್ನೂ ಸೇರಿಸಲಿಲ್ಲ.

ಮೇಡಂ ಕಾಗದ ಹಿಡಿದುಕೊಂಡು ಕಿಟಕಿಯ ಹತ್ತಿರ ಹೋದರು. ಬೆಳಕಿಗೆ ಎತ್ತಿ, ತಿರುಗಿಸಿ, ಹಿಂದುಮುಂದು ನೋಡಿದರು. ಮೂವತ್ತು ವರ್ಷ ಪ್ರಯೋಗಾಲಯದಲ್ಲಿ ಕಳೆದವರ ಕಣ್ಣು ಅದು. ಎಣ್ಣೆ ಒಂದೇ ರಾತ್ರಿಯಲ್ಲಿ ಇಷ್ಟಗಲ ಹರಡಲ್ಲ, ಅಂಚು ಹೀಗೆ ಹಳದಿಯಾಗಲ್ಲ ಎಂದು ಉಳಿದವರಿಗೆ ತೋರಿಸಿದರು. ಎಣ್ಣೆ ಕುಡಿದ ಕಾಗದದ ಮೇಲೆ ಶಾಯಿ ಹಿಡಿಯಲ್ಲ, ಹಾಗಾಗಿ ಅಕ್ಷರ ಮೊದಲು, ಎಣ್ಣೆ ಆಮೇಲೆ ಎಂದರು. ಅಧ್ಯಾಪಕರಿಬ್ಬರೂ ತಲೆಯಾಡಿಸಿದರು.

ವಾಪಸು ಬಂದು ಕೂತು ಮೇಡಂ ಹೇಳಿದ್ದು ಎರಡು ಮಾತು. ನಕಲಿನ ಆರೋಪ ಬಿಟ್ಟಿದ್ದೇವೆ. ಆದರೆ ಇನ್ನೊಬ್ಬರ ವಾಕ್ಯಗಳನ್ನು ಇನ್ನೊಬ್ಬರವೆಂದು ಹೇಳದೆ ಬರೆದಿದ್ದೀರಿ, ಓದುವವರಿಗೆ ಅದು ತಿಳಿಯುವುದು ಹೇಗೆ?

ನಾನು ಏನೋ ಸಮಜಾಯಿಷಿ ಹೇಳಲು ಬಾಯಿ ತೆರೆದೆ. ಬಾಬಿನ್ ನನ್ನ ಕೈ ಒತ್ತಿದಳು. "ಅದು ನಮ್ಮ ತಪ್ಪು ಮೇಡಂ" ಅಂದಳು. ಆಮೇಲೆ ಗುಮಾಸ್ತರ ಕಡೆ ತಿರುಗಿ, ಇದನ್ನ ಮಾತ್ರ ನನ್ನ ಹಾಳೆಯಲ್ಲೇ ಬರಕೊಳ್ಳಿ ಅಂದಳು. ಮೇಡಂ ಆಗ ನಕ್ಕರು. ನಾನು ಅವರು ನಕ್ಕಿದ್ದನ್ನು ನೋಡಿದ್ದು ಅದೊಂದೇ ಸಲ.

ಯಾರ ಮಾತು ಯಾರದೆಂದು ನಮೂದಿಸಿ ಮೂರು ದಿನದಲ್ಲಿ ಎರಡೂ ಪ್ರಬಂಧಗಳನ್ನು ಮತ್ತೆ ಬರೆದುಕೊಟ್ಟೆವು. ಬಾಬಿನ್ ತನ್ನ ಕೊನೆಯ ಪುಟವನ್ನು ಬದಲಿಸಿದ್ದಳು. ಬಿಚ್ಚಿ ನೋಡಬಹುದಾದದ್ದನ್ನು ನೋಡಿಯೇ ನಂಬಬೇಕು, ನೋಡಲಾಗದ್ದಕ್ಕೆ ಹೇಳುವವರನ್ನು ನೋಡಬೇಕು ಎಂದು ಬರೆದಿದ್ದಳು. ಹೇಳುವವರನ್ನು ನೋಡುವುದೆಂದರೆ ಏನೆಂದು ಪರೀಕ್ಷಕರು ಅಂಚಿನಲ್ಲಿ ಕೇಳಿದ್ದರಂತೆ. ಅದಕ್ಕೆ ಅವಳು ಇವತ್ತಿಗೂ ಉತ್ತರ ಹುಡುಕುತ್ತಿದ್ದಾಳೆ. ನಾನೂ ನನ್ನ ಪ್ರಬಂಧದಲ್ಲಿ ಒಂದು ಸಾಲು ಸೇರಿಸಿದೆ: ನಂ‌ಬುವ ಮುಂಚೆ ಏನು ಹೇಳಿದರು ಎಂದಾದರೂ ಕೇಳಿಕೊಳ್ಳಬೇಕು. ಅದನ್ನು ಎಲ್ಲಿ ಕಲಿತೆನೆಂದು ಹೇಳಬೇಕಿಲ್ಲ.

ಪರೀಕ್ಷೆಗೆ ಕೂತೆವು, ಇಬ್ಬರೂ ಪಾಸಾದೆವು. ಅವಳ ದೊಡ್ಡಪ್ಪ ಕರಾರಿನ ಮಾತು ಮತ್ತೆ ಎತ್ತಲಿಲ್ಲ. ಆ ಹಲ್ಲುಚಕ್ರ ಬಂದದ್ದು ಫಲಿತಾಂಶದ ವಾರದಲ್ಲಿ. ಅವಳಪ್ಪ ಬಲದಿಂದ ಎಡಕ್ಕೆ ಒಂದೊಂದನ್ನೇ ಎತ್ತಿ ಯಂತ್ರ ಕೂಡಿಸಿದರು. ಕೊನೆಗೆ ನೆಲದ ಮೇಲೆ ಒಂದೂ ತಿರುಪು ಉಳಿಯಲಿಲ್ಲ. ಕೋಣೆಯಲ್ಲಿ ಈಗ ಕಾಲು ಚಾಚಬಹುದು ಎಂದರು ಅಜ್ಜಿ, ಚಾಚಲೂ ಚಾಚಿದರು.

ಆಮೇಲೆ ನಾನು ಪದವಿಗೆಂದು ಬೇರೆ ಪೇಟೆಗೆ ಹೋದೆ. ಬಾಬಿನ್ ಅಲ್ಲೇ ಇದ್ದು ಬೆಳಗ್ಗೆ ಕಾಲೇಜು, ಮಧ್ಯಾಹ್ನ ಅಪ್ಪನ ಅಂಗಡಿ ಎಂದು ಪದವಿ ಮುಗಿಸಿದಳು. ವರ್ಷಕ್ಕೊಮ್ಮೆ ಭೇಟಿಯಾದಾಗ ಹಳೇ ಜಗಳ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಇಬ್ಬರೂ ಮೊದಲು ಎದುರಿನವರ ಮಾತು ಹೇಳಲು ಹೊರಟು, ನೀನು ಹೇಳು, ಇಲ್ಲ ನೀನೇ ಹೇಳು ಎನ್ನುವುದರಲ್ಲೇ ಅರ್ಧ ಹೊತ್ತು ಕಳೆಯುತ್ತದೆ.

ಈಗ ಅವಳು ಎಂಟುನೂರು ಹೊಲಿಗೆ ಯಂತ್ರಗಳಿರುವ ಒಂದು ಬಟ್ಟೆ ಕಾರ್ಖಾನೆಯಲ್ಲಿ ಕಾರ್ಮಿಕರ ದೂರು ವಿಚಾರಿಸುವ ಅಧಿಕಾರಿ. ಅವಳ ಕೋಣೆಯಲ್ಲಿ, ಮಾತಾಡಲು ಒಬ್ಬರೇ ಬಂದರೂ ಅವರಿಗೆಂದು ಎರಡು ಕುರ್ಚಿಗಳಿವೆ.